ನಿಮಗಿದು ಗೊತ್ತೆ? ಮೂರು ಗಿರಿ, ಒಂದೇ ಬೆಳಗು

ಶಿರಸಿ ತಾಲ್ಲೂಕಿನ ದಾಸನಕೊಪ್ಪದ ಕಡೆಯಿಂದ ಬೇಸಿಗೆ ರಜೆಯಲ್ಲಿ ಚಿಕ್ಕಮಗಳೂರಿಗೆ ಹೊರಟವರು ಒಂದೇ ದಿನದಲ್ಲಿ ಮೂರು ಗಿರಿ ನೋಡಬಹುದು. ಸೀತಾಳಯ್ಯನಗಿರಿ, ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಮೂರೂ ಚಂದ್ರದ್ರೋಣ ಸಾಲಿನಲ್ಲೇ ಇವೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ. ಆದರೂ ಹತ್ತುವುದು ಕಷ್ಟವಲ್ಲ, ಕೊನೆಯ ಏರಿಗೆ ಮೆಟ್ಟಿಲುಗಳಿವೆ. ಶಿರಸಿ ಸೀಮೆಗಿಂತ ಇದು ಸಾವಿರ ಮೀಟರಿಗೂ ಹೆಚ್ಚು ಎತ್ತರ, ಮಕ್ಕಳಿಗೊಂದು ಸ್ವೆಟರ್ ಇರಲಿ.

ಕಷ್ಟವಿರುವುದು ಮಧ್ಯಾಹ್ನದ ಗುಡುಗು ಮಳೆಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಆಕಾಶ ತಿಳಿಯಾಗಿಯೇ ಇರುತ್ತದೆ. ಬಿಸಿಲೇರಿದಂತೆ ನೆಲ ಕಾದು, ಅರಬ್ಬೀ ಸಮುದ್ರದ ತೇವದ ಗಾಳಿ ಘಟ್ಟವನ್ನೇರಿ, ಮೋಡ ಗೋಪುರದಂತೆ ಬೆಳೆಯುತ್ತದೆ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಸಿಡಿಲು. ಅಲ್ಲಿನ ನೆತ್ತಿಗಳು ಬಹುಪಾಲು ಬೋಳು ಹುಲ್ಲುಗಾವಲು. ನಿಂತ ಮನುಷ್ಯನೇ ಅಲ್ಲಿ ಎತ್ತರದ ವಸ್ತು. ಆದ್ದರಿಂದ ನಸುಕಿಗೇ ಹತ್ತಿ, ಹನ್ನೆರಡರೊಳಗೆ ಇಳಿಯುವುದೇ ಸರಿ.

ಮಿಂಚು ಕಂಡು ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ, ಮೂರರಿಂದ ಭಾಗಿಸಿ. ಸಿಡಿಲು ಅಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ಎಣಿಕೆ ಮೂವತ್ತರೊಳಗೆ ಮುಗಿದರೆ ಅಪಾಯ ಹತ್ತಿರವಿದೆ. ಒಂಟಿ ಮರದಡಿ ನಿಲ್ಲಬೇಡಿ, ಕಾರಿನೊಳಗೆ ಗಾಜು ಏರಿಸಿ ಕೂರುವುದು ಸುರಕ್ಷಿತ. ಪುಣೆಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಕೂಡ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಹೊರಬರಬೇಡಿ.