ಮಳೆಗಾಲಕ್ಕೆ ಮುನ್ನ ಮನೆ, ಮನೆಮಂದಿಯ ಸಿದ್ಧತೆ: ಹಳೇ ಹುಬ್ಬಳ್ಳಿಯ ಶ್ರಾವಕರು ತಿಳಿದಿರಬೇಕಾದ ಸಂಗತಿಗಳು

ಹುಬ್ಬಳ್ಳಿ ಕಡಲಿನಿಂದ ದೂರದ ಊರು. ಚಂಡಮಾರುತ ಇಲ್ಲಿಗೆ ನೇರವಾಗಿ ಅಪ್ಪಳಿಸುವುದಿಲ್ಲ. ಆದರೆ ಅರಬ್ಬಿ ಸಮುದ್ರದಲ್ಲಾಗಲಿ ಬಂಗಾಳ ಕೊಲ್ಲಿಯಲ್ಲಾಗಲಿ ವಾಯುಭಾರ ಕುಸಿದಾಗ ಅದರ ಮಳೆ ಉತ್ತರ ಕರ್ನಾಟಕಕ್ಕೂ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಹೀಗೆ ಸುರಿದ ಮಳೆಗೆ ಈ ಭಾಗದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. 2019ರ ಆಗಸ್ಟ್ ಮಳೆಯಲ್ಲಿ ಧಾರವಾಡ ಜಿಲ್ಲೆಯೂ ಸೇರಿ ಹಲವೆಡೆ ಸಾವಿರಾರು ಮನೆಗಳು ಬಿದ್ದವು. ಏಪ್ರಿಲ್, ಮೇ ತಿಂಗಳ ಅಡ್ಡಮಳೆ, ಬಿರುಗಾಳಿ, ಸಿಡಿಲುಗಳಂತೂ ಪ್ರತಿ ವರ್ಷದ ಮಾತು. ಆದ್ದರಿಂದ ರೋಹಿಣಿ ಮಳೆ ಶುರುವಾಗುವ ಮೊದಲೇ ಸಿದ್ಧತೆ ಮುಗಿದಿರಬೇಕು.

ಗೋಡೆ ಮತ್ತು ಮಾಳಿಗೆ

ಈ ಭಾಗದ ಮಳೆಗಾಲದಲ್ಲಿ ಜೀವಹಾನಿಗೆ ಮುಖ್ಯ ಕಾರಣಗಳಲ್ಲಿ ಮಣ್ಣಿನ ಗೋಡೆ ಕುಸಿತವೂ ಒಂದು. ಹಳೇ ಓಣಿಗಳಲ್ಲಿ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ಇನ್ನೂ ಇವೆ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಇದರಿಂದ ಅಡಿಪಾಯ ಅಲುಗಾಡುತ್ತದೆ. ನೆನೆದ ಗೋಡೆ ಮಳೆ ನಿಂತ ಮೇಲೂ ಬೀಳಬಹುದು, ರಾತ್ರಿ ಎಲ್ಲರೂ ಮಲಗಿರುವಾಗ ಬಿದ್ದರೆ ಅಪಾಯ ಹೆಚ್ಚು. ಹೊಸ ಬಿರುಕು, ಉಬ್ಬಿದ ಗೋಡೆ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು ಇವು ಎಚ್ಚರಿಕೆಯ ಗುರುತುಗಳು. ಅಂಥ ಗೋಡೆಯ ಬದಿಗೆ ಹಾಸಿಗೆ ಹಾಸಬಾರದು.

ಮಾಳಿಗೆಯ ಮೇಲಿನ ಹುಲ್ಲು ಕಿತ್ತು, ದೋಣಿ ಮತ್ತು ಕೊಳವೆಗಳಲ್ಲಿನ ಎಲೆ, ಕಸ ತೆಗೆಯಬೇಕು. ತಗಡಿನ ಮೇಲೆ ಕಲ್ಲು ಹೇರುವ ರೂಢಿ ಅಪಾಯದ್ದು. ಬಿರುಗಾಳಿಗೆ ತಗಡಿನ ಜೊತೆ ಕಲ್ಲೂ ಹಾರುತ್ತದೆ. ತಗಡನ್ನು ಬೋಲ್ಟಿನಿಂದ ಬಿಗಿಸುವುದೇ ಸರಿ. ಬಸದಿಯ ಮೇಲ್ಛಾವಣಿಯ ನೀರಿನ ದಾರಿಯನ್ನೂ ಚಾತುರ್ಮಾಸಕ್ಕೆ ಮೊದಲೇ ಸ್ವಚ್ಛಗೊಳಿಸಬೇಕು. ಮಳೆಗಾಲದಲ್ಲಿ ನೆಲದ ಮೇಲೆ ಜೀವರಾಶಿ ಹೆಚ್ಚುತ್ತದೆ ಎಂದೇ ಮುನಿಗಳು ವಿಹಾರ ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಶ್ರಾವಕರೂ ಕಸ, ಹುಲ್ಲು ತೆಗೆಯುವ ಕೆಲಸವನ್ನು ಮೊದಲ ಮಳೆಗಿಂತ ಮುಂಚೆ ಮುಗಿಸಿದರೆ ಹಿಂಸೆ ಕಡಿಮೆ.

ನೀರು

ನಲ್ಲಿ ನೀರು ಬಿಟ್ಟು ಬಿಟ್ಟು ಬರುವ ಓಣಿಗಳಲ್ಲಿ ಪ್ರತಿ ಮನೆಯಲ್ಲೂ ಬ್ಯಾರಲ್, ಹಂಡೆ, ತೊಟ್ಟಿಗಳಲ್ಲಿ ನೀರು ತುಂಬಿಡುತ್ತಾರೆ. ಡೆಂಗಿ ಹರಡುವ ಸೊಳ್ಳೆ ಇಂಥ ನಿಂತ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ತುಂಬಿದ ಕೂಡಲೇ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ, ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ ಒಣಗಿಸಿದರೆ ಸೊಳ್ಳೆ ಹುಟ್ಟುವುದೇ ಇಲ್ಲ. ಹುಟ್ಟಿದ ಮೇಲೆ ಔಷಧ ಹೊಡೆದು ಕೊಲ್ಲುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಅಹಿಂಸೆಗೆ ಹತ್ತಿರ.

ಮಳೆಗಾಲದಲ್ಲಿ ಕೊಳಚೆ ನೀರು ಕುಡಿಯುವ ನೀರಿನ ಪೈಪಿಗೆ ಸೇರುವ ಭಯವಿದೆ. ಬಟ್ಟೆಯಲ್ಲಿ ಗಾಳಿಸಿದರೆ ಕಣ್ಣಿಗೆ ಕಾಣುವ ಜೀವಿಗಳು ಬೇರೆಯಾಗುತ್ತವೆ, ರೋಗಾಣುಗಳು ಹೋಗುವುದಿಲ್ಲ. ಗಾಳಿಸಿದ ನೀರಿನ ಮರ್ಯಾದೆ 48 ನಿಮಿಷ ಮಾತ್ರ. ಆದ್ದರಿಂದ ಗಾಳಿಸಿದ ಕೂಡಲೇ ಚೆನ್ನಾಗಿ ಕುದಿಸಬೇಕು. ಹೀಗೆ ಮಾಡಿದರೆ ಆಚಾರವೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ.

ಅಡುಗೆಮನೆ

ಸಾಮಾನ್ಯವಾಗಿ ಮಳೆಗಾಲಕ್ಕೆ ಹಿಟ್ಟು ಕೂಡಿಡಿ ಎನ್ನುತ್ತಾರೆ. ಶ್ರಾವಕರ ಮನೆಗೆ ಈ ಸಲಹೆ ಹೊಂದುವುದಿಲ್ಲ. ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3 ಮಾತ್ರ. ಕರೆಂಟು ಹೋದರೆ ಗಿರಣಿಯೂ ನಿಲ್ಲುತ್ತದೆ. ಹೀಗಾಗಿ ಬೀಸುವ ಅಗತ್ಯವಿಲ್ಲದ ಅಕ್ಕಿ, ಬೇಳೆ, ಅವಲಕ್ಕಿ, ಚುರುಮುರಿ, ಪುಠಾಣಿ, ಬೆಲ್ಲಗಳನ್ನು ಒಂದು ವಾರಕ್ಕಾಗುವಷ್ಟು ಒಣ ಡಬ್ಬಿಗಳಲ್ಲಿ ಇಡುವುದು ಜಾಣತನ. ಕಾಳುಗಳನ್ನು ಮೇ ತಿಂಗಳ ಬಿಸಿಲಿನಲ್ಲೇ ಒಣಗಿಸಿಟ್ಟರೆ ಹುಳು ಹಿಡಿಯುವುದು, ಬೂಷ್ಟು ಬರುವುದು ತಪ್ಪುತ್ತದೆ. ಮೋಡ ಕವಿದ ದಿನ ಹೊತ್ತು ಮುಳುಗಿದ್ದು ತಿಳಿಯುವುದಿಲ್ಲ. ಪಂಚಾಂಗದ ಸೂರ್ಯಾಸ್ತ ನೋಡಿಕೊಂಡು ಅಡುಗೆಯನ್ನು ಬೇಗ ಮುಗಿಸಬೇಕು.

ಸಿಡಿಲು, ನಾಲಾ ನೀರು

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ ಎಂದರ್ಥ. ತಕ್ಷಣ ಪಕ್ಕಾ ಮನೆಯೊಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು. ಗಿಡದ ಕೆಳಗೆ ನಿಲ್ಲಬಾರದು. ಟಿವಿ, ಫ್ರಿಜ್ ಪ್ಲಗ್ ತೆಗೆಯಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಹವಾಮಾನ ಇಲಾಖೆಯ ಹಳದಿ ಎಚ್ಚರಿಕೆ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ.

ಉಣಕಲ್ ಕೆರೆಯಿಂದ ಬರುವ ನಾಲಾ ಊರಿನೊಳಗೇ ಹಾದುಹೋಗುತ್ತದೆ. ಜೋರಾಗಿ ಹರಿಯುವ 15 ಸೆಂ.ಮೀ. ನೀರು ನಿಂತ ಮನುಷ್ಯನನ್ನು ಕೆಡವಬಲ್ಲದು. ಶಾಲೆಯಿಂದ ಬರುವ ಮಕ್ಕಳಿಗೆ ನೀರು ಹರಿಯುವ ರಸ್ತೆ ದಾಟದೆ ಅಲ್ಲೇ ಕಾಯಬೇಕೆಂದು ಮೊದಲೇ ಹೇಳಿಕೊಡಬೇಕು.

ಮನೆಮಂದಿ

ಆಧಾರ್, ಆಸ್ತಿ ಪತ್ರ, ಪಡಿತರ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಶಾಸ್ತ್ರ ಗ್ರಂಥಗಳ ಜೊತೆ ಎತ್ತರದಲ್ಲಿಡಬೇಕು. ಹಿರಿಯರ ಔಷಧಗಳು ಕನಿಷ್ಠ ಒಂದು ವಾರಕ್ಕಾಗುವಷ್ಟಿರಲಿ. ದಶಲಕ್ಷಣ ಪರ್ವ ಬರುವುದು ಭಾದ್ರಪದದಲ್ಲಿ, ಮಳೆಗಾಲದೊಳಗೇ. ಉಪವಾಸ ಮಾಡುವ ಸಕ್ಕರೆ ಕಾಯಿಲೆಯವರು ವೈದ್ಯರನ್ನು ಮೊದಲೇ ಕೇಳಿಕೊಳ್ಳಬೇಕು. ರಾತ್ರಿ ಮನೆ ಬಿಡಬೇಕಾಗಿ ಬಂದರೆ ಯಾರು ಅಜ್ಜಿಯ ಕೈ ಹಿಡಿಯಬೇಕು, ಯಾರು ಮಗುವನ್ನು ಎತ್ತಿಕೊಳ್ಳಬೇಕು, ಎಲ್ಲರೂ ಯಾವ ಪಕ್ಕಾ ಕಟ್ಟಡದಲ್ಲಿ ಸೇರಬೇಕು ಎಂಬುದನ್ನು ಈಗಲೇ ಕೂತು ಮಾತಾಡಿಕೊಳ್ಳಬೇಕು. ತುರ್ತು ಸಹಾಯಕ್ಕೆ 112, ಹರಿದ ಕರೆಂಟಿನ ತಂತಿ ಕಂಡರೆ 1912. ಮನೆಗೆ ಹಾವು ಬಂದರೆ ಹೊಡೆಯದೆ, ಹಾವು ಹಿಡಿಯುವವರಿಗೆ ಫೋನ್ ಮಾಡಬೇಕು. ಅದೂ ನೀರಿಗೆ ಹೆದರಿ ಒಣ ಜಾಗ ಹುಡುಕಿ ಬಂದಿರುತ್ತದೆ.