ಕಿರೀಟವಿಲ್ಲದ ವಸ್ತುಸಂಗ್ರಹಾಲಯ: ರಾಜವೈಭವ ಮತ್ತು ಪವಿತ್ರ ವಸ್ತುಗಳ ಕುರಿತ ಕ್ಷೇತ್ರ ಭೇಟಿ ಪಾಠ

ಸಮಾಜ ವಿಜ್ಞಾನದ ಬೋಧನಾಭ್ಯಾಸದಲ್ಲಿ ಒಂದು ಕ್ಷೇತ್ರ ಭೇಟಿಯನ್ನಾದರೂ ಯೋಜಿಸಬೇಕೆಂಬುದು ವಾಡಿಕೆ. ಗೊಳಸಂಗಿ, ನಿಡಗುಂದಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ವಿಜಯಪುರವನ್ನೇ ಆರಿಸಿಕೊಳ್ಳುತ್ತಾರೆ. ಬೆಳಿಗ್ಗೆ ಹೊರಟು ಸಂಜೆಯೊಳಗೆ ಮರಳಬಹುದು. ಗೋಳಗುಮ್ಮಟದ ಎದುರಿನ ನಗಾರಖಾನೆಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಶಾಸನಗಳು, ಶಿಲ್ಪಗಳು, ಆಯುಧಗಳು, ನಾಣ್ಯಗಳು, ಫರ್ಮಾನುಗಳು, ಚೀನಿ ಪಿಂಗಾಣಿ, ರತ್ನಗಂಬಳಿ, ಚಿತ್ರಗಳು ಅಲ್ಲಿವೆ.

ಆದರೆ ಮಕ್ಕಳು ಬಯಸಿ ಬರುವುದು ಬೇರೆಯದನ್ನು. ರಾಜಧಾನಿ ಎಂದ ಮೇಲೆ ಕಿರೀಟ, ಸಿಂಹಾಸನ, ವಜ್ರದ ಹಾರ ಇರಲೇಬೇಕೆಂದು ಅವರ ಎಣಿಕೆ. ಅವು ಕಾಣದಿದ್ದಾಗ "ಸರ್, ರಾಜಾನ ಬಂಗಾರ ಎಲ್ಲೈತ್ರೀ?" ಎಂದು ಕೇಳುತ್ತಾರೆ. ಹೊಳೆಯುವ ಕತ್ತಿಯೊಂದು ಕಂಡರೆ "ಇದಕ್ಕ ಎಷ್ಟು ಲಕ್ಷ ಆಗ್ತದ್ರೀ?" ಎನ್ನುತ್ತಾರೆ. ಎರಡೂ ಒಳ್ಳೆಯ ಪ್ರಶ್ನೆಗಳೇ. ಇವುಗಳನ್ನು "ಸುಮ್ನಿರು, ಸಾಲಿನ್ಯಾಗ ನಡಿ" ಎಂದು ತಳ್ಳಿಹಾಕಿದರೆ ಭೇಟಿ ಬರೀ ಪ್ರವಾಸವಾಗುತ್ತದೆ. ಇವುಗಳ ಮೇಲೆಯೇ ಪಾಠ ಕಟ್ಟುವುದು ಹೇಗೆಂಬುದು ಈ ಲೇಖನದ ವಿಷಯ.

ಮೂರು ಪ್ರಶ್ನೆಗಳ ಚೌಕಟ್ಟು

ಒಡವೆ, ಕಿರೀಟ, ಪವಿತ್ರ ಅವಶೇಷ ಯಾವುದೇ ಇರಲಿ, ಮಕ್ಕಳು ಈ ಮೂರು ಪ್ರಶ್ನೆಗಳನ್ನು ಕೇಳಲು ಕಲಿಯಬೇಕು:

1. ಇದು ಯಾರ ಬಳಿ ಇತ್ತು, ಯಾತಕ್ಕೆ ಬಳಕೆಯಾಗುತ್ತಿತ್ತು?
2. ಅಲ್ಲಿಂದ ಇಲ್ಲಿಗೆ ಹೇಗೆ ಬಂತು, ಅಥವಾ ಇಲ್ಲಿಂದ ಎಲ್ಲಿಗೆ ಹೋಯಿತು?
3. ಇಂದಿಗೂ ಬಳಕೆಯಲ್ಲಿದೆಯೇ?

ಬೆಲೆಯ ಪ್ರಶ್ನೆಯನ್ನು ತಡೆಯಬೇಕಿಲ್ಲ, ಕೊನೆಗೆ ಇಟ್ಟುಕೊಂಡರೆ ಸಾಕು. ಅದಕ್ಕೆ ವಿಜಯಪುರದಲ್ಲೇ ಉತ್ತರವಿದೆ. ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದರು. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಅದನ್ನು ಹಳೆಯ ನಿರುಪಯೋಗಿ ಸಾಮಾನೆಂದು ಹರಾಜಿಗಿಟ್ಟಾಗ ಬಂದ ಅತಿ ಹೆಚ್ಚಿನ ಕೂಗು 150 ರೂಪಾಯಿ. ಮೊತ್ತ ತೀರ ಅಲ್ಪವಾಯಿತು, ಸ್ಥಳೀಯರಿಗೂ ತೋಪಿನ ಮೇಲೆ ಭಕ್ತಿಯಿತ್ತು. ಹೀಗಾಗಿ ಮಾರಾಟ ರದ್ದಾಯಿತು. ಇದನ್ನು ಹೇಳಿ, "150 ರೂಪಾಯಿ ಎಂದವರು ಏನನ್ನು ತೂಗಿದರು? ಏನನ್ನು ತೂಗಲಿಲ್ಲ?" ಎಂದು ಕೇಳಿ. ಬೆಲೆ ಬೇರೆ, ಮೌಲ್ಯ ಬೇರೆ ಎಂಬುದನ್ನು ಮಕ್ಕಳು ತಾವೇ ಹೇಳುತ್ತಾರೆ.

ರಾಜನ ಬಂಗಾರ ಎಲ್ಲಿ ಹೋಯಿತು?

ಈ ಭಾಗವನ್ನು ಪ್ರಶಿಕ್ಷಣಾರ್ಥಿಗಳು ಚೆನ್ನಾಗಿ ಓದಿಕೊಂಡು ಹೋಗಬೇಕು. ತರಗತಿಯಲ್ಲಿ ಹೆಚ್ಚು ಎಡವುವುದು ಇಲ್ಲಿಯೇ.

ಮಕ್ಕಳಿಗೆ ಹತ್ತಿರದ ಜಾಗದಿಂದ ಆರಂಭಿಸಿ. 1565ರಲ್ಲಿ ವಿಜಯನಗರದ ಸೈನ್ಯಕ್ಕೂ ದಖ್ಖನಿನ ಸುಲ್ತಾನರ ಒಕ್ಕೂಟಕ್ಕೂ ನಡೆದ ಯುದ್ಧವನ್ನು ಕೃಷ್ಣಾ ತೀರದ ರಕ್ಕಸಗಿ–ತಂಗಡಗಿ ಊರುಗಳ ಹೆಸರಿನಿಂದಲೇ ಕರೆಯುತ್ತೇವೆ. ಮುದ್ದೇಬಿಹಾಳ ಕಡೆಯ ಮಕ್ಕಳಿಗೆ ಇವು ಪರಿಚಿತ ಹೆಸರುಗಳು. ಆ ಯುದ್ಧದ ನಂತರ ವಿಜಯನಗರದ ಅಪಾರ ಸಂಪತ್ತು ಗೆದ್ದವರ ಪಾಲಾಯಿತು. ಗೆದ್ದವರಲ್ಲಿ ವಿಜಯಪುರದ ಒಂದನೇ ಅಲಿ ಆದಿಲ್ ಶಾಹನೂ ಒಬ್ಬ. ನಗರದ ಜಾಮಿ ಮಸೀದಿಯ ಕಟ್ಟಡ ಶುರುವಾದದ್ದು ಅವನ ಕಾಲದಲ್ಲೇ.

ಮುಂದೆ 1686ರಲ್ಲಿ ಮೊಘಲ್ ಚಕ್ರವರ್ತಿ ಔರಂಗಜೇಬ ವಿಜಯಪುರವನ್ನು ಗೆದ್ದನು. ಕೊನೆಯ ಸುಲ್ತಾನ ಸಿಕಂದರ್ ಆದಿಲ್ ಶಾಹ ಶರಣಾದನು. ಅರಮನೆಯ ಬೊಕ್ಕಸ ಈಗ ಮೊಘಲರದು. 1739ರಲ್ಲಿ ಇರಾನಿನ ನಾದಿರ್ ಶಾಹ ದೆಹಲಿಯನ್ನು ಸೂರೆಮಾಡಿ ಮೊಘಲರ ಮಯೂರ ಸಿಂಹಾಸನವನ್ನೇ ಹೊತ್ತೊಯ್ದನು. 1849ರಲ್ಲಿ ಪಂಜಾಬನ್ನು ವಶಪಡಿಸಿಕೊಂಡ ಬ್ರಿಟಿಷರು ಅಲ್ಲಿಂದ ಕೊಹಿನೂರ್ ವಜ್ರವನ್ನು ಒಯ್ದರು. ಅದು ಇಂದು ಲಂಡನ್ ಟವರಿನಲ್ಲಿದೆ.

ಈ ನಾಲ್ಕು ಇಸವಿಗಳನ್ನು ಕರಿಹಲಗೆಯ ಮೇಲೆ ಒಂದೇ ಗೆರೆಯಲ್ಲಿ ಬರೆದು, ಪ್ರತಿಯೊಂದರ ಕೆಳಗೆ ಸೋತವರು ಯಾರು, ಗೆದ್ದವರು ಯಾರು ಎಂದು ಮಕ್ಕಳಿಂದಲೇ ತುಂಬಿಸಿ. ಆಗ ಒಂದು ಮುಖ್ಯ ಅಂಶ ಎದ್ದು ಕಾಣುತ್ತದೆ. 1565ರಲ್ಲಿ ಸೋತದ್ದು ಹಿಂದೂ ಅರಸರ ರಾಜ್ಯ. 1686 ಮತ್ತು 1739ರಲ್ಲಿ ಸೋತವರೂ ಗೆದ್ದವರೂ ಮುಸ್ಲಿಂ ಅರಸರೇ. 1849ರಲ್ಲಿ ಸೋತದ್ದು ಸಿಖ್ಖರ ರಾಜ್ಯ, ಗೆದ್ದದ್ದು ಒಂದು ವ್ಯಾಪಾರಿ ಕಂಪನಿ. ಒಡವೆಗಳು ಅಧಿಕಾರದ ಬೆನ್ನು ಹತ್ತಿ ಹೋಗಿವೆಯೇ ಹೊರತು ಧರ್ಮದ ಬೆನ್ನು ಹತ್ತಿ ಅಲ್ಲ. ಒಂದೇ ಇಸವಿಯನ್ನು ಹಿಡಿದು ಪಾಠ ಮಾಡಿದರೆ ತರಗತಿಯ ಕೆಲವು ಮಕ್ಕಳು ತಲೆ ತಗ್ಗಿಸಿ ಕೂಡುವಂತಾಗುತ್ತದೆ. ನಾಲ್ಕನ್ನೂ ಒಟ್ಟಿಗೆ ಇಟ್ಟರೆ ಇತಿಹಾಸ ಅರ್ಥವಾಗುತ್ತದೆ, ಯಾವ ಮಗುವೂ ಪರರ ತಪ್ಪಿಗೆ ಹೊಣೆಯಾಗುವುದಿಲ್ಲ.

ಇನ್ನೊಂದು ಅಂಶವನ್ನೂ ಇಲ್ಲಿಯೇ ಸೇರಿಸಬಹುದು. ಬಂಗಾರವನ್ನು ಹೊತ್ತೊಯ್ಯಬಹುದು, ಕರಗಿಸಿ ಬೇರೆ ರೂಪ ಕೊಡಬಹುದು. ಕಲ್ಲನ್ನು ಹಾಗೆ ಮಾಡುವುದು ಕಷ್ಟ. ಆದ್ದರಿಂದಲೇ ನಮ್ಮ ಜಿಲ್ಲೆಯಲ್ಲಿ ರಾಜವೈಭವ ಉಳಿದಿರುವುದು ಗುಮ್ಮಟ, ಬಾವಡಿ, ಶಾಸನಗಳಲ್ಲಿ.

ಒಡವೆಯನ್ನು ಓದುವುದು

ಕಿರೀಟ ಇಲ್ಲದಿದ್ದರೂ ಒಡವೆಗಳ ಪಾಠಕ್ಕೆ ಕೊರತೆಯಿಲ್ಲ. ಶಿಲ್ಪಗಳನ್ನೇ ನೋಡಿಸಿ. ದೇವತೆಗಳ ವಿಗ್ರಹಗಳಲ್ಲಿ ಕಿರೀಟ, ಕಂಠಹಾರ, ತೋಳಬಂದಿ, ಡಾಬು, ಕಾಲ್ಕಡಗಗಳನ್ನು ಕಲ್ಲಿನಲ್ಲಿಯೇ ಬಿಡಿಸಿರುತ್ತಾರೆ. ಮಕ್ಕಳು ಅಜ್ಜಿಯ ಮೈಮೇಲೆ ಕಂಡ ಬುಗುಡಿ, ಬೋರಮಾಳ, ಪಾಟ್ಲಿಗಳೊಂದಿಗೆ ಇವನ್ನು ಹೋಲಿಸಲಿ. ಜೈನ ತೀರ್ಥಂಕರರ ವಿಗ್ರಹದ ಮೈಮೇಲೆ ಒಂದೂ ಒಡವೆ ಇರುವುದಿಲ್ಲ. ಏಕಿಲ್ಲ ಎಂಬ ಪ್ರಶ್ನೆಯಿಂದ ತ್ಯಾಗದ ಪರಿಕಲ್ಪನೆಗೆ ಹೋಗಬಹುದು.

ತರಗತಿಗೆ ಒಯ್ಯಬಹುದಾದ ಇನ್ನೊಂದು ಚಿತ್ರವಿದೆ. ಎರಡನೇ ಇಬ್ರಾಹಿಂ ಆದಿಲ್ ಶಾಹ (ಆಳ್ವಿಕೆ 1580–1627) ಸಂಗೀತಪ್ರಿಯ. ಕಿತಾಬ್-ಎ-ನೌರಸ್ ಎಂಬ ಗೀತಸಂಕಲನದ ಕರ್ತೃ. ಸುಮಾರು 1615ರಲ್ಲಿ ಬರೆದ ಅವನ ಒಂದು ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಅವನು ಕೈಯಲ್ಲಿ ತಾಳವಾದ್ಯ ಹಿಡಿದು, ಕೊರಳಲ್ಲಿ ರುದ್ರಾಕ್ಷಿ ಮಾಲೆ ಧರಿಸಿದ್ದಾನೆ. ಅದರ ಪ್ರತಿಯನ್ನು ತೋರಿಸಿ, ಯಾರ ಹೆಸರನ್ನೂ ಹೇಳದೆ, "ಇವರು ಯಾರಿರಬಹುದು? ಕೊರಳಲ್ಲಿ ಏನಿದೆ?" ಎಂದು ಕೇಳಿ. ಒಂದು ಒಡವೆಯಿಂದ ಅರಸನ ಮನಸ್ಸಿನ ಬಗ್ಗೆ ಎಷ್ಟು ತಿಳಿಯುತ್ತದೆ ಎಂಬುದು ಈ ಚಟುವಟಿಕೆಯ ಕಲಿಕಾಂಶ.

ತಲೆಯುಡುಗೆಯೂ ಹೀಗೆಯೇ ಮಾತಾಡುತ್ತದೆ. ಇಸ್ಮಾಯಿಲ್ ಆದಿಲ್ ಶಾಹ ಇರಾನಿನ ಶಿಯಾ ಅರಸರ ಮಾದರಿಯಲ್ಲಿ ತನ್ನ ಸೈನಿಕರಿಗೆ ಹನ್ನೆರಡು ಮಡಿಕೆಯ ಕೆಂಪು ಟೋಪಿ ತೊಡಿಸಿದನು. ಹನ್ನೆರಡು ಎಂಬುದು ಶಿಯಾ ಪಂಥದ ಹನ್ನೆರಡು ಇಮಾಮರ ಗುರುತು. 1534ರಲ್ಲಿ ಪಟ್ಟಕ್ಕೆ ಬಂದ ಒಂದನೇ ಇಬ್ರಾಹಿಂ ಸುನ್ನಿ ಪಂಥದವನಾದ್ದರಿಂದ ಆ ಟೋಪಿಯನ್ನು ನಿಲ್ಲಿಸಿದನು. ಮುಡಿಯ ಮೇಲಿನ ವಸ್ತು ಅಲಂಕಾರವಷ್ಟೇ ಅಲ್ಲ, ಅರಸನ ನಿಲುವಿನ ಸಾರುವಿಕೆಯೂ ಹೌದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಇಂದಿಗೂ ಬಳಕೆಯಲ್ಲಿರುವ ವಸ್ತುಗಳು

ಮೂರನೆಯ ಪ್ರಶ್ನೆಗೆ ಉತ್ತರ ಹುಡುಕುವಾಗ ಮಕ್ಕಳಿಗೆ ಮೊದಲು ಊರಿನ ಉದಾಹರಣೆ ಕೊಡಿ. ಈ ಭಾಗದ ಹಳ್ಳಿಗಳಲ್ಲಿ ಮೊಹರಂ ಸಮಯದಲ್ಲಿ ಅಲಾಯಿ ದೇವರ ಪಂಜಾಗಳನ್ನು ಹೊರತೆಗೆಯುತ್ತಾರೆ. ಉಳಿದ ದಿನ ಅವು ಪೆಟ್ಟಿಗೆಯಲ್ಲಿರುತ್ತವೆ. ಜಾತ್ರೆಯಲ್ಲಿ ಮಾತ್ರ ದೇವರಿಗೆ ಬೆಳ್ಳಿಯ ಮುಖ ಧರಿಸುವ ಗುಡಿಗಳೂ ಉಂಟು. ವರ್ಷಕ್ಕೊಮ್ಮೆ ಹೊರಬರುವ ವಸ್ತುವೆಂದರೆ ಏನೆಂಬುದು ಹಳ್ಳಿಯ ಮಗುವಿಗೆ ನಾವು ಕಲಿಸಬೇಕಾದದ್ದಲ್ಲ.

ಅಲ್ಲಿಂದ ಮೇಲುಕೋಟೆಗೆ ಹೋಗಬಹುದು. ಅಲ್ಲಿನ ಚೆಲುವನಾರಾಯಣ ಸ್ವಾಮಿಗೆ ವೈರಮುಡಿ, ರಾಜಮುಡಿ, ಕೃಷ್ಣರಾಜಮುಡಿ ಎಂಬ ಕಿರೀಟಗಳಿವೆ. ರಾಜಮುಡಿಯು ರಾಜ ಒಡೆಯರ ಕಾಣಿಕೆ, ಕೃಷ್ಣರಾಜಮುಡಿಯು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಣಿಕೆ. ವೈರಮುಡಿ ಮಂಡ್ಯದ ಸರ್ಕಾರಿ ಖಜಾನೆಯಲ್ಲಿರುತ್ತದೆ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಮೇಲುಕೋಟೆಗೆ ಬರುತ್ತದೆ. ಮೈಸೂರು ಅರಮನೆಯ ಸಿಂಹಾಸನವನ್ನೂ ದಸರಾ ಸಮಯದಲ್ಲಷ್ಟೇ ಜೋಡಿಸುತ್ತಾರೆ. ಇವು ಅಮೂಲ್ಯ ವಸ್ತುಗಳೇ, ಆದರೆ ಗಾಜಿನ ಪೆಟ್ಟಿಗೆಯ ವಸ್ತುಗಳಲ್ಲ. ಅವುಗಳ ಕೆಲಸ ಇನ್ನೂ ಮುಗಿದಿಲ್ಲ.

ವಿಜಯಪುರದಲ್ಲಿ ಇದಕ್ಕೆ ಸಮನಾದದ್ದು ಅಸರ್ ಮಹಲ್. ಸುಮಾರು 1646ರಲ್ಲಿ ಮೊಹಮ್ಮದ್ ಆದಿಲ್ ಶಾಹ ಇದನ್ನು ನ್ಯಾಯಸಭೆಗಾಗಿ ಕಟ್ಟಿಸಿದನು. ಆಮೇಲೆ ಪ್ರವಾದಿ ಮುಹಮ್ಮದರ ಗಡ್ಡದ್ದೆಂದು ನಂಬಲಾದ ಕೂದಲೆಳೆಗಳನ್ನು ಇಲ್ಲಿ ಇರಿಸಲಾಯಿತು. 'ಆಸಾರ್' ಎಂದರೆ ಪವಿತ್ರ ಕುರುಹು. ಮಹಲಿನ ಹೆಸರು ಬಂದದ್ದು ಅದರಿಂದಲೇ. ಇಲ್ಲಿದ್ದ ಅರಬ್ಬಿ ಹಸ್ತಪ್ರತಿಗಳು 19ನೇ ಶತಮಾನದಲ್ಲಿ ಲಂಡನ್ನಿಗೆ ಹೋದವು. ಇಲ್ಲಿನ ರತ್ನಗಂಬಳಿಗಳನ್ನು ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಪವಿತ್ರ ಕುರುಹು ಮಾತ್ರ ಮಹಲಿನಲ್ಲೇ ಉಳಿದು ಇಂದಿಗೂ ಭಕ್ತರ ಶ್ರದ್ಧೆಗೆ ಪಾತ್ರವಾಗಿದೆ. ಒಂದೇ ಕಟ್ಟಡದ ಮೂರು ಬಗೆಯ ವಸ್ತುಗಳು ಮೂರು ದಾರಿ ಹಿಡಿದಿವೆ. ಎರಡನೇ ಪ್ರಶ್ನೆಗೆ ಇದೊಂದು ಸಿದ್ಧ ಪಾಠ.

ಎರಡೂ ಒಂದೇ ಸೂರಿನಡಿ ಇರುವ ಕಡೆಗಳೂ ಉಂಟು. ತುರ್ಕಿಯ ಇಸ್ತಾಂಬುಲಿನ ಟೋಪ್‌ಕಾಪಿ ಅರಮನೆ 1924ರಿಂದ ವಸ್ತುಸಂಗ್ರಹಾಲಯವಾಗಿದೆ. ಒಂದು ಕಡೆ 86 ಕ್ಯಾರೆಟ್ಟಿನ ವಜ್ರವಿರುವ ರಾಜಭಂಡಾರ. ಇನ್ನೊಂದು ಕಡೆ ಪ್ರವಾದಿಯವರ ನಿಲುವಂಗಿ ಮೊದಲಾದ ಪವಿತ್ರ ವಸ್ತುಗಳ ಕೋಣೆ. ಮೊದಲನೆಯದರಲ್ಲಿ ಜನ ಬೆರಗಿನಿಂದ ನೋಡುತ್ತಾರೆ, ಎರಡನೆಯದರಲ್ಲಿ ಕುರಾನ್ ಪಠಣ ಕೇಳುತ್ತಿರುತ್ತದೆ. ನಮ್ಮ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಪಿಪ್ರಾಹ್ವಾದ ಬುದ್ಧನ ಅಸ್ಥಿ ಅವಶೇಷಗಳ ಮುಂದೆಯೂ ಕೈಮುಗಿದು ನಿಲ್ಲುವವರಿದ್ದಾರೆ.

ಶ್ರದ್ಧೆಯ ಸ್ಥಳದಲ್ಲಿ ಶಿಕ್ಷಕರ ಮಾತು

ಪವಿತ್ರ ವಸ್ತುವಿನ ಮುಂದೆ "ಇದು ನಿಜವೇನ್ರೀ?" ಎಂದು ಮಗು ಕೇಳುವುದು ಸಹಜ. ಹೌದು ಅಥವಾ ಅಲ್ಲ ಎಂದು ತೀರ್ಪು ಕೊಡುವುದು ಶಿಕ್ಷಕರ ಕೆಲಸವಲ್ಲ. "ಇದನ್ನು ಹೀಗೆಂದು ನಂಬಿ ನೂರಾರು ವರ್ಷಗಳಿಂದ ಜನ ಬರುತ್ತಿದ್ದಾರೆ, ನಾವು ನೋಡಬೇಕಾದದ್ದು ಅದನ್ನು" ಎಂದರೆ ಸಾಕು. ಈ ಉತ್ತರ ಎಲ್ಲ ಧರ್ಮದ ವಸ್ತುಗಳಿಗೂ ಒಂದೇ ಇರಲಿ. ಮೇಲುಕೋಟೆಗೆ 'ಮಹಿಮೆ', ಅಸರ್ ಮಹಲಿಗೆ 'ಮೂಢನಂಬಿಕೆ' ಅಥವಾ ಅದರ ತಿರುವುಮುರುವು ಮಾತು ಬಂದರೆ ಮಕ್ಕಳು ಅದನ್ನು ಕೂಡಲೇ ಗುರುತಿಸುತ್ತಾರೆ.

ಅಸರ್ ಮಹಲಿನ ಒಳಗೆ ಹೆಣ್ಣುಮಕ್ಕಳನ್ನು ಬಿಡದ ರೂಢಿ ಬಹುಕಾಲದಿಂದಿದೆ. ಹುಡುಗರನ್ನು ಒಳಗೆ ಕಳಿಸಿ ಹುಡುಗಿಯರನ್ನು ಬಿಸಿಲಲ್ಲಿ ನಿಲ್ಲಿಸುವುದು ಪಾಠವಲ್ಲ. ಇಡೀ ತರಗತಿ ಎದುರಿನ ಕೊಳದ ಬಳಿ ಕುಳಿತು, ತೆರೆದ ಮುಂಭಾಗವನ್ನೂ ಸೂರನ್ನು ಹೊತ್ತ ನಾಲ್ಕು ಎತ್ತರದ ಮರದ ಕಂಬಗಳನ್ನೂ ನೋಡಿ ಚಿತ್ರ ಬರೆಯುವಂತೆ ಯೋಜಿಸಿ. ರೂಢಿಯ ಬಗ್ಗೆ ಹುಡುಗಿಯರು ಕೇಳಿದರೆ ಚರ್ಚೆಯನ್ನು ಶಾಲೆಗೆ ಮರಳಿದ ಮೇಲೆ ಮಾಡಿ, ಆದರೆ ತಪ್ಪದೆ ಮಾಡಿ.

ಯೋಜನೆಯ ಹಂತಗಳು

ಭೇಟಿಗೆ ಮುನ್ನ: ಪ್ರಶಿಕ್ಷಣಾರ್ಥಿ ಒಮ್ಮೆ ತಾವೇ ಹೋಗಿ ನೋಡಿ ಬರಬೇಕು. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ತೋರಿಸಬೇಕಾದ ಆರು ವಸ್ತುಗಳನ್ನು ಆರಿಸಿಕೊಳ್ಳಿ, ಹೆಚ್ಚು ಬೇಡ. ಹಿಂದಿನ ದಿನ ಒಂದು ಅವಧಿಯಲ್ಲಿ ಮೂರು ಪ್ರಶ್ನೆಗಳನ್ನು ಮನೆಯ ಒಂದು ಹಳೆಯ ವಸ್ತುವಿನ ಮೇಲೆ ಪ್ರಯೋಗಿಸಿ. ಬೆಲೆಬಾಳುವ ಒಡವೆ ತರಲು ಹೇಳಬೇಡಿ; ತಾಮ್ರದ ತಂಬಿಗೆ, ಅಜ್ಜನ ಅಡಕೊತ್ತು ಸಾಕು. ಮನೆಯಲ್ಲಿ ಬಂಗಾರವಿಲ್ಲದ ಮಗುವೂ ಪಾಠದಲ್ಲಿ ಸಮನಾಗಿ ಪಾಲ್ಗೊಳ್ಳಬೇಕು.

ಭೇಟಿಯಲ್ಲಿ: ಐದೈದು ಮಕ್ಕಳ ಗುಂಪು ಮಾಡಿ. ಮೊದಲು ವಸ್ತುಸಂಗ್ರಹಾಲಯ, ಆಮೇಲೆ ಗೋಳಗುಮ್ಮಟ. ಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ ಬಂದ ಮಕ್ಕಳು ಮತ್ತೆ ಫಲಕ ಓದುವುದಿಲ್ಲ. ಫಲಕವನ್ನು ನಕಲು ಮಾಡಿಸಬೇಡಿ. ಪ್ರತಿ ಗುಂಪು ಒಂದೇ ವಸ್ತುವಿನ ಮುಂದೆ ಹತ್ತು ನಿಮಿಷ ನಿಂತು ಚಿತ್ರ ಬರೆದು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಲಿ. ಫಲಕದಲ್ಲಿ ಉತ್ತರ ಸಿಗದಿದ್ದರೆ 'ಗೊತ್ತಾಗಲಿಲ್ಲ' ಎಂದು ಬರೆಯುವುದನ್ನೂ ಕಲಿಸಿ.

ಭೇಟಿಯ ನಂತರ: 'ನಮ್ಮ ಪ್ರವಾಸ' ಎಂಬ ಪ್ರಬಂಧದ ಬದಲು ವಸ್ತುವಿನ ಆತ್ಮಕಥೆ ಬರೆಸಿ. ತರಗತಿಯ ಮೂಲೆಯಲ್ಲಿ ಮನೆಯ ವಸ್ತುಗಳ ಪುಟ್ಟ ಸಂಗ್ರಹಾಲಯ ಮಾಡಿ, ಫಲಕಗಳನ್ನು ಮಕ್ಕಳೇ ಬರೆಯಲಿ.

ಮೌಲ್ಯಮಾಪನದಲ್ಲಿ ಮೇಲ್ವಿಚಾರಕರು ಗಮನಿಸಬೇಕಾದದ್ದು ಮಕ್ಕಳು ನೆನಪಿಟ್ಟ ಇಸವಿಗಳ ಸಂಖ್ಯೆಯನ್ನಲ್ಲ. ಹೊಸ ವಸ್ತುವೊಂದನ್ನು ಮುಂದಿಟ್ಟಾಗ ಮಗು ಮೊದಲು ಏನು ಕೇಳುತ್ತದೆ ಎಂಬುದನ್ನು ನೋಡಿ. "ಎಷ್ಟು ಆಗ್ತದ್ರೀ?" ಎಂಬ ಜಾಗದಲ್ಲಿ "ಇದು ಯಾರದಿತ್ರೀ? ಇಲ್ಲಿಗೆ ಹ್ಯಾಂಗ ಬಂತ್ರೀ?" ಎಂಬ ಮಾತು ಬಂದರೆ ಆ ಪಾಠಕ್ಕೆ ಪೂರ್ಣ ಅಂಕ ಕೊಡಬಹುದು.