ಇಟ್ಟಿಗೆ ಜೋಡಿಸಿ ಅಕ್ಷರ ಕಟ್ಟುವವರು

ಅಕ್ಷರ ವಿನ್ಯಾಸ ಕಲಿಯದವರೂ ಸ್ವಂತ ಫಾಂಟ್ ಮಾಡಬಹುದೇ? 2008ರಲ್ಲಿ ರಾಬ್ ಮೀಕ್ ರೂಪಿಸಿದ ‘ಫಾಂಟ್‌ಸ್ಟ್ರಕ್ಟ್’ ಎಂಬ ಜಾಲತಾಣ ಬಂದ ಮೇಲೆ ಅದು ಸುಲಭವಾಯಿತು. ಬ್ರೌಸರ್‌ನಲ್ಲೇ ಚೌಕಳಿ ಹಾಳೆಯೊಂದು ತೆರೆದುಕೊಳ್ಳುತ್ತದೆ. ಪಕ್ಕದಲ್ಲಿ ಚೌಕ, ತ್ರಿಕೋನ, ಕಾಲುವೃತ್ತದಂಥ ‘ಇಟ್ಟಿಗೆ’ಗಳ ರಾಶಿ. ಒಂದೊಂದನ್ನೇ ಮನೆಗಳಲ್ಲಿ ಕೂರಿಸುತ್ತ ಹೋದರೆ ಅಕ್ಷರ ಎದ್ದು ನಿಲ್ಲುತ್ತದೆ. ಮುಗಿದ ಮೇಲೆ ಟ್ರೂಟೈಪ್ ಫೈಲ್ ಆಗಿ ಇಳಿಸಿಕೊಂಡರಾಯಿತು. ರಚಿಸಿದವರ ಅನುಮತಿಯಿದ್ದರೆ ಅವರ ಫಾಂಟನ್ನೇ ನಕಲು ಮಾಡಿಕೊಂಡು ತಿದ್ದಲೂಬಹುದು.

ಹವ್ಯಾಸಿಗಳ ನಿಜವಾದ ಕಸರತ್ತು ಇರುವುದು ಓರೆಗೆರೆ, ಬಾಗುಗಳಲ್ಲಿ. ಇಂಗ್ಲಿಷಿನ ‘ಇ’, ‘ಎಲ್’ ಸಲೀಸು. ‘ಎಸ್’, ‘ಕೆ’ ಬಂದಾಗ ಚೌಕಳಿ ಹಟ ಹಿಡಿಯುತ್ತದೆ. ಕೆಲವರು ಬಾಗನ್ನೇ ಕೈಬಿಟ್ಟು ಮೂಲೆಯನ್ನು ಕತ್ತರಿಸುತ್ತಾರೆ, ಇನ್ನು ಕೆಲವರು ಕಾಲುವೃತ್ತಗಳನ್ನು ಬೆನ್ನಿಗೆ ಬೆನ್ನು ತಾಗಿಸುತ್ತಾರೆ. ಕಣ್ಣು ಸೆಳೆಯುವ ವಿಚಿತ್ರ ರೂಪಗಳು ಹುಟ್ಟುವುದು ಹೆಚ್ಚಾಗಿ ಇಂಥ ಇಕ್ಕಟ್ಟಿನಲ್ಲೇ.

ಇದೇನೂ ಹೊಸ ಹುಚ್ಚಲ್ಲ.

ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಯೋಸೆಫ್ ಆಲ್ಬರ್ಸ್ 1920ರ ದಶಕದಲ್ಲೇ ಚೌಕ, ವೃತ್ತ, ಕಾಲುವೃತ್ತಗಳಿಂದ ವರ್ಣಮಾಲೆ ಕಟ್ಟಲು ಹೊರಟಿದ್ದರು. ಮುಂದೆ 1960ರ ದಶಕದ ಕಂಪ್ಯೂಟರ್ ಪರದೆಗಳಲ್ಲಿ ದುಂಡು ಗೆರೆ ನೆಟ್ಟಗೆ ಮೂಡುತ್ತಿರಲಿಲ್ಲ. ಹಾಗಾಗಿ ಡಚ್ ವಿನ್ಯಾಸಕಾರ ವಿಮ್ ಕ್ರೌವೆಲ್ 1967ರಲ್ಲಿ ಹೆಚ್ಚುಕಡಿಮೆ ಬರೀ ಅಡ್ಡ, ಉದ್ದ ಗೆರೆಗಳ ‘ನ್ಯೂ ಆಲ್ಫಬೆಟ್’ ಮಾಡಿದರು. ಓದಲು ಅದು ಮಹಾ ಕಷ್ಟ, ಕೆಲವು ಅಕ್ಷರಗಳ ಗುರುತೇ ಹತ್ತುವುದಿಲ್ಲ. ಆದರೂ 1988ರಲ್ಲಿ ಜಾಯ್ ಡಿವಿಷನ್ ಸಂಗೀತ ತಂಡದ ‘ಸಬ್‌ಸ್ಟೆನ್ಸ್’ ಆಲ್ಬಮ್ಮಿನ ಹೊದಿಕೆ ಏರಿದ್ದು ಅದೇ ಅಕ್ಷರ, ಅದೂ ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಿಸಿಕೊಂಡು.